ಯಾರ ದುಡ್ಡು, ಯಾವ ಆಟಗಾರ: ಫುಟ್‌ಬಾಲ್ ಕ್ಲಬ್‌ಗಳ ಹಣದ ದಾರಿಗಳನ್ನು ಹೋಲಿಸುವ ಬಗೆ

ದೀಪಾವಳಿ ಮುಗಿದು ತೋಟಗಳಲ್ಲಿ ಅಡಿಕೆ ಗೊನೆ ಕೊಯ್ಲು ಶುರುವಾಗುವ ಹೊತ್ತಿಗೆ ಮಲೆನಾಡಿನ ಸಣ್ಣ ಫುಟ್‌ಬಾಲ್ ಕ್ಲಬ್‌ಗಳ ಸಮಿತಿಗಳೂ ಸಭೆ ಸೇರುತ್ತವೆ. ಚರ್ಚೆಗೆ ಬರುವ ವಿಷಯಗಳು ಎರಡೇ: ಈ ವರ್ಷ ದುಡ್ಡು ಯಾರಿಂದ ಬರುತ್ತದೆ, ಈ ವರ್ಷ ಯಾರನ್ನು ಆಡಿಸಬೇಕು. ಶಿವಮೊಗ್ಗದ ಅಂಥದೊಂದು ಕ್ಲಬ್‌ನ ಖಜಾಂಚಿಯಾಗಿ ಕೆಲವು ವರ್ಷ ರಸೀದಿ ಪುಸ್ತಕ ಹಿಡಿದು ಅಂಗಡಿಯಿಂದ ಅಂಗಡಿಗೆ ಅಲೆದ ಮೇಲೆ, ಇವು ಎರಡಲ್ಲ, ಒಂದೇ ವಿಷಯ ಎಂದು ನನಗೆ ಮನವರಿಕೆಯಾಗಿದೆ. ಬಂದ ಹಣದ ಆಯುಸ್ಸು ಎಷ್ಟು, ಅದರ ಬೆನ್ನಿಗೆ ಯಾವ ಷರತ್ತು ಅಂಟಿಕೊಂಡಿದೆ ಎಂಬುದೇ ಯಾವ ಆಟಗಾರನನ್ನು ಎಷ್ಟು ಕಾಲಕ್ಕೆ ತರಬಹುದು ಎಂಬುದನ್ನು ತೀರ್ಮಾನಿಸಿಬಿಟ್ಟಿರುತ್ತದೆ. ಸಮಿತಿ ಕೈ ಎತ್ತಿ ಒಪ್ಪಿಗೆ ಕೊಡುವುದು ಆಮೇಲೆ. ಯುರೋಪಿನ ದೊಡ್ಡ ಕ್ಲಬ್‌ಗಳ ವಿಷಯದಲ್ಲಿಯೂ ನಡೆಯುವುದು ಇದೇ ಆದ್ದರಿಂದ, ಅಲ್ಲಿನ ಉದಾಹರಣೆಗಳನ್ನು ಮುಂದಿಟ್ಟುಕೊಂಡು ನಮ್ಮಂಥವರ ಮುಂದಿರುವ ದಾರಿಗಳನ್ನು ಇಲ್ಲಿ ಹೋಲಿಸಿದ್ದೇನೆ.

ಹೋಲಿಕೆಗೆ ಒಂದು ಊಹೆಯ ಲೆಕ್ಕವನ್ನು ಇಟ್ಟುಕೊಳ್ಳೋಣ. ಒಬ್ಬ ವ್ಯಾಪಾರಿ ಒಂದು ಋತುವಿಗೆ 4 ಲಕ್ಷ ರೂಪಾಯಿ ಕೊಡುತ್ತೇನೆ, ಆದರೆ ತಂಡ ದೊಡ್ಡ ಟೂರ್ನಿಯ ಫೈನಲ್ ತಲುಪಬೇಕು, ಅರ್ಧ ಹಣ ಆಮೇಲೆಯೇ ಎನ್ನುತ್ತಾರೆ. ಇನ್ನೊಂದು ಕಡೆ ಇಪ್ಪತ್ತು ಅಂಗಡಿಗಳವರು ತಲಾ 10 ಸಾವಿರದಂತೆ ವರ್ಷಕ್ಕೆ 2 ಲಕ್ಷವನ್ನು ಮೂರು ವರ್ಷ ಕೊಡಲು ಒಪ್ಪುತ್ತಾರೆ. ಮೊದಲನೆಯದರಲ್ಲಿ ಮಂಗಳೂರು, ಬೆಂಗಳೂರು, ಕಾಸರಗೋಡುಗಳಿಂದ ಆರು ಮಂದಿ ಗೆಸ್ಟ್ ಪ್ಲೇಯರ್‌ಗಳನ್ನು ಬಸ್ ಚಾರ್ಜು, ಲಾಡ್ಜು, ಪಂದ್ಯದ ಸಂಭಾವನೆ ಸಹಿತ ಕರೆಸಬಹುದು. ಎರಡನೆಯದರಲ್ಲಿ ಒಬ್ಬ ತರಬೇತುದಾರನನ್ನೂ ಹೊರಗಿನ ಒಬ್ಬಿಬ್ಬರು ಆಟಗಾರರನ್ನೂ ಮೂರು ಋತು ಇಟ್ಟುಕೊಂಡು, ಉಳಿದ ಜಾಗಗಳನ್ನು ಊರಿನ ಹುಡುಗರಿಂದ ತುಂಬಬಹುದು. ಯಾವುದು ಮೇಲು ಎಂದು ನಿರ್ಧರಿಸುವ ಮುನ್ನ ಆಟಗಾರನ ಬೆಲೆಯನ್ನು ಲೆಕ್ಕದ ಪುಸ್ತಕ ಹೇಗೆ ನೋಡುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಒಳ್ಳೆಯದು, ಏಕೆಂದರೆ ವರ್ಗಾವಣೆಯ ಸುದ್ದಿ ಓದುವ ಬಹುಪಾಲು ಅಭಿಮಾನಿಗಳು ಎಡವುವುದು ಇಲ್ಲಿಯೇ.

ಲೆಕ್ಕದ ಪುಸ್ತಕದೊಳಗಿನ ಆಟಗಾರ

ಒಂದು ಕ್ಲಬ್ 10 ಕೋಟಿ ಕೊಟ್ಟು ಒಬ್ಬನನ್ನು ಐದು ವರ್ಷದ ಒಪ್ಪಂದದ ಮೇಲೆ ಕೊಂಡರೆ ಪುಸ್ತಕದಲ್ಲಿ ಆ ವರ್ಷದ ಖರ್ಚು 10 ಕೋಟಿಯಾಗುವುದಿಲ್ಲ. ವರ್ಷಕ್ಕೆ 2 ಕೋಟಿಯಂತೆ ಐದು ವರ್ಷಕ್ಕೆ ಹಂಚಿಹೋಗುತ್ತದೆ. ಎರಡು ವರ್ಷದ ನಂತರ ಅವನನ್ನು 8 ಕೋಟಿಗೆ ಮಾರಿದರೆ, ಕೊಂಡ ಬೆಲೆಗಿಂತ ಕಡಿಮೆ ಬಂದರೂ ಪುಸ್ತಕದಲ್ಲಿ ಉಳಿದ ಬೆಲೆ 6 ಕೋಟಿಯೇ ಆದ್ದರಿಂದ, 2 ಕೋಟಿ ಲಾಭವೆಂದು ಒಂದೇ ಬಾರಿಗೆ ಜಮೆಯಾಗುತ್ತದೆ. ಇನ್ನು ಚಿಕ್ಕಂದಿನಿಂದ ತನ್ನಲ್ಲೇ ಬೆಳೆದ ಹುಡುಗನಿಗೆ ಕ್ಲಬ್ ವರ್ಗಾವಣೆ ಶುಲ್ಕವನ್ನೇ ಕೊಟ್ಟಿರುವುದಿಲ್ಲ. ಅವನ ಪುಸ್ತಕದ ಬೆಲೆ ಸೊನ್ನೆ, ಮಾರಿದಾಗ ಬಂದ ಹಣವಷ್ಟೂ ಲಾಭ. 2023ರಲ್ಲಿ ಇಂಗ್ಲೆಂಡಿನ ಚೆಲ್ಸಿ ಕ್ಲಬ್ ತಾನೇ ಬೆಳೆಸಿದ ಮೇಸನ್ ಮೌಂಟ್ ಅವರನ್ನು ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಮಾರಿದಾಗ ಲೆಕ್ಕದ ದೃಷ್ಟಿಯಿಂದ ಆದದ್ದು ಇದೇ. ಕ್ಲಬ್‌ಗಳ ನಷ್ಟಕ್ಕೆ ಮಿತಿ ಹಾಕಿ ದುಂದುವೆಚ್ಚಕ್ಕೆ ಕಡಿವಾಣ ತೊಡಿಸಲು ಮಾಡಿದ ನಿಯಮ ಕೊನೆಗೆ ಮನೆಯ ಹುಡುಗನನ್ನೇ ಹೊರಗೆ ಕಳಿಸುವಂತೆ ಪ್ರಚೋದಿಸುತ್ತದೆ ಎಂಬುದು ನನಗಂತೂ ಕಹಿಯಾಗಿ ಕಾಣುತ್ತದೆ.

ಈ ಹಂಚಿಕೆಯ ಲೆಕ್ಕವನ್ನು ಎಳೆದಷ್ಟೂ ಉದ್ದಕ್ಕೆ ಎಳೆದವರೂ ಅದೇ ಚೆಲ್ಸಿಯವರು. 2023ರ ಜನವರಿಯಲ್ಲಿ ಹೊಸದಾಗಿ ಕೊಂಡ ಆಟಗಾರ ಮಿಖೈಲೊ ಮುದ್ರಿಕ್ ಅವರಿಗೆ ಎಂಟೂವರೆ ವರ್ಷದ ಒಪ್ಪಂದ ಕೊಟ್ಟರು. ವರ್ಷಗಳು ಹೆಚ್ಚಿದಷ್ಟೂ ಪ್ರತಿ ವರ್ಷದ ಖರ್ಚು ತೆಳುವಾಗುತ್ತದೆ. ಅದೇ ವರ್ಷ ಯುರೋಪಿನ ಫುಟ್‌ಬಾಲ್ ಆಡಳಿತ ಸಂಸ್ಥೆ ಯುಇಎಫ್‌ಎ, ಅದರ ಬೆನ್ನಿಗೆ ಇಂಗ್ಲೆಂಡಿನ ಮೇಲ್ದರ್ಜೆಯ ಪ್ರೀಮಿಯರ್ ಲೀಗ್, ಶುಲ್ಕವನ್ನು ಐದು ವರ್ಷಕ್ಕಿಂತ ಹೆಚ್ಚು ಕಾಲಕ್ಕೆ ಹಂಚಬಾರದೆಂದು ಮಿತಿ ಹಾಕಿದವು.

ನಿಯಮಗಳು ವರ್ಗಾವಣೆಯ ದಿನಾಂಕವನ್ನೂ ಕಾಯುತ್ತವೆ. ಪ್ರೀಮಿಯರ್ ಲೀಗ್‌ನಲ್ಲಿ ಮೂರು ವರ್ಷಗಳ ಒಟ್ಟು ನಷ್ಟ 10.5 ಕೋಟಿ ಪೌಂಡ್ ಮೀರಬಾರದೆಂದು ಆಗಿದ್ದ ನಿಯಮವನ್ನು ಮುರಿದುದಕ್ಕೆ ಎವರ್ಟನ್ ಕ್ಲಬ್‌ಗೆ 2023ರ ನವೆಂಬರ್‌ನಲ್ಲಿ 10 ಅಂಕ ಕಡಿತವಾಯಿತು. ಮೇಲ್ಮನವಿಯಲ್ಲಿ ಅದು 6ಕ್ಕೆ ಇಳಿಯಿತು. ಕೆಳದರ್ಜೆಯಿಂದ ಹೊಸದಾಗಿ ಮೇಲೆ ಬಂದಿದ್ದ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ ಈ ಮಿತಿ ಇನ್ನೂ ಕಡಿಮೆ ಇತ್ತು. ಅವರು ತಮ್ಮದೇ ಅಕಾಡೆಮಿಯ ಬ್ರೆನನ್ ಜಾನ್ಸನ್ ಅವರನ್ನು ಒಳ್ಳೆಯ ಬೆಲೆಗಾಗಿ ಕಾದು 2023ರ ಸೆಪ್ಟೆಂಬರ್ 1ರಂದು ಟಾಟನ್‌ಹ್ಯಾಮ್‌ಗೆ ಮಾರಿದರು. ಆದರೆ ಲೆಕ್ಕದ ವರ್ಷ ಜೂನ್ 30ಕ್ಕೇ ಮುಗಿದಿತ್ತು. ಕಾದದ್ದರಿಂದ ಹೆಚ್ಚು ಹಣ ಬಂತು ಎಂಬ ಅವರ ವಾದ ನಡೆಯಲಿಲ್ಲ, 4 ಅಂಕ ಹೋಯಿತು. ಅಡಿಕೆಗೆ ಇನ್ನೂ ದರ ಏರಲಿ ಎಂದು ಮೂಟೆಗಳನ್ನು ಮನೆಯಲ್ಲೇ ಇಟ್ಟು, ಅತ್ತ ಸೊಸೈಟಿಯ ಸಾಲದ ಗಡುವು ದಾಟಿಸಿಕೊಂಡವರನ್ನು ಕಂಡ ನಮಗೆ ಈ ಪ್ರಕರಣ ಬೇಗ ಅರ್ಥವಾಗುತ್ತದೆ. ಯುಇಎಫ್‌ಎ ನಿಯಮವಂತೂ ಇನ್ನಷ್ಟು ನೇರವಾಗಿದೆ: ಸಂಬಳ, ಹಂಚಿಹೋದ ವರ್ಗಾವಣೆ ಶುಲ್ಕ, ಏಜೆಂಟರ ಕಮಿಷನ್ ಎಲ್ಲ ಸೇರಿ ಆದಾಯದ ಇಂತಿಷ್ಟು ಪಾಲನ್ನು ಮೀರಬಾರದು ಎಂಬ ಈ ಮಿತಿಯನ್ನು 90, 80 ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ 2025-26ರ ಹೊತ್ತಿಗೆ ಶೇಕಡ 70ಕ್ಕೆ ತರಲಾಗಿದೆ.

ಒಬ್ಬನೇ ದೊಡ್ಡ ಧಣಿ

ಈ ದಾರಿಯ ಆಕರ್ಷಣೆಯನ್ನು ಅಲ್ಲಗಳೆಯುವಂತಿಲ್ಲ. ಜೆಎಸ್‌ಡಬ್ಲ್ಯು ಸಮೂಹ 2013ರಲ್ಲಿ ಕಟ್ಟಿದ ಬೆಂಗಳೂರು ಎಫ್‌ಸಿ ಮೊದಲ ಋತುವಿನಲ್ಲಿಯೇ ರಾಷ್ಟ್ರಮಟ್ಟದ ಐ-ಲೀಗ್ ಗೆದ್ದಿತು, 2015-16ರಲ್ಲಿ ಮತ್ತೆ ಗೆದ್ದಿತು, 2018-19ರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಪ್ರಶಸ್ತಿಯನ್ನೂ ತಂದಿತು. ದೃಢವಾದ ಒಂದೇ ಮೂಲದಿಂದ ಹಣ ಬರುವಾಗ ಸುನಿಲ್ ಚೆಟ್ರಿಯಂಥವರನ್ನು ಕರೆತಂದು ವರ್ಷಗಟ್ಟಲೆ ಉಳಿಸಿಕೊಳ್ಳುವುದು ಸಾಧ್ಯವಾಗುತ್ತದೆ.

ಆದರೆ ಧಣಿ ಎಷ್ಟೇ ಗಟ್ಟಿಯಾಗಿದ್ದರೂ ಲೀಗ್ ಅವನ ಕೈಯಲ್ಲಿರುವುದಿಲ್ಲ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 2010ರಲ್ಲಿ ತನ್ನ ವಾಣಿಜ್ಯ ಹಕ್ಕುಗಳನ್ನು ಹದಿನೈದು ವರ್ಷಗಳಿಗೆ ಬಿಟ್ಟುಕೊಟ್ಟ ಒಪ್ಪಂದ 2025ರ ಡಿಸೆಂಬರ್‌ಗೆ ಮುಗಿಯಲಿದ್ದು, ನವೀಕರಣ ಇತ್ಯರ್ಥವಾಗದೆ ಆ ವರ್ಷದ ಜುಲೈನಲ್ಲಿ ಐಎಸ್‌ಎಲ್ ಋತುವನ್ನೇ ತಡೆಹಿಡಿಯಲಾಯಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸುವುದಾಗಿ ಪ್ರಕಟಿಸಿತು. ಕಿರಿಯರ ತಂಡಗಳಿಗೂ ಫುಟ್‌ಬಾಲ್ ಶಾಲೆಗಳಿಗೂ ತೊಂದರೆಯಾಗದು ಎಂದೂ ಹೇಳಿತು. ಹಣದ ಹರಿವಿಗೆ ಅಡ್ಡಿಯಾದಾಗ ಯಾವುದು ನಿಲ್ಲುತ್ತದೆ, ಯಾವುದು ನಡೆಯುತ್ತದೆ ಎಂಬುದನ್ನು ಆ ಒಂದು ಪ್ರಕಟಣೆಯಲ್ಲೇ ಓದಿಕೊಳ್ಳಬಹುದು.

ಧಣಿಯ ಮನಸ್ಸೇ ಬದಲಾದರೆ ಪರಿಣಾಮ ಇನ್ನೂ ಕಠೋರ. ರಷ್ಯಾದ ಆಂಜಿ ಮಖಚ್‌ಕಲಾ ಕ್ಲಬ್ ಸುಲೇಮಾನ್ ಕೆರಿಮೋವ್ ಅವರ ಹಣದಿಂದ 2011ರಲ್ಲಿ ಸ್ಯಾಮ್ಯುಯೆಲ್ ಎಟೋ ಅವರನ್ನು ಕರೆತಂದಿತು. 2013ರಲ್ಲಿ ಮಾಲೀಕರು ಖರ್ಚು ಕಡಿತಗೊಳಿಸುವುದಾಗಿ ಘೋಷಿಸಿದ ಕೂಡಲೇ ತಾರೆಗಳನ್ನೆಲ್ಲ ಮಾರಲಾಯಿತು. ಮುಂದಿನ ವರ್ಷ ತಂಡ ಲೀಗ್‌ನ ತಳಕ್ಕಿಳಿದು ಕೆಳದರ್ಜೆಗೆ ಬಿತ್ತು, 2022ರಲ್ಲಿ ಕ್ಲಬ್ಬೇ ಇಲ್ಲವಾಯಿತು. ಇದನ್ನು ತಿಳಿಯಲು ರಷ್ಯಾಕ್ಕೆ ಹೋಗಬೇಕಾಗಿಯೂ ಇಲ್ಲ. ಕಾಗದದ ಕಾರ್ಖಾನೆಯ ಯಂತ್ರಗಳು ನಿಂತ ಮೇಲೆ ಭದ್ರಾವತಿಯ ಪೇಟೆ ಹೇಗಾಯಿತು, ಉಕ್ಕಿನ ಕಾರ್ಖಾನೆ ಮುಚ್ಚುತ್ತದೆ ಎಂಬ ಮಾತು ಎದ್ದಾಗಲೆಲ್ಲ ಆ ಊರು ಹೇಗೆ ಉಸಿರು ಬಿಗಿಹಿಡಿಯುತ್ತದೆ ಎಂಬುದು ಇಲ್ಲಿ ಎಲ್ಲರಿಗೂ ಗೊತ್ತು.

ಖೇಣಿಗೆ ಕೊಟ್ಟ ತೋಟ

ನಮ್ಮಲ್ಲಿ ಅಡಿಕೆ ಮರದಲ್ಲಿರುವಾಗಲೇ ಫಸಲನ್ನು ಖೇಣಿದಾರನಿಗೆ ಬಿಟ್ಟುಕೊಟ್ಟು ಹಣ ಎತ್ತುವ ಪದ್ಧತಿಯಿದೆ. ಬಾರ್ಸಿಲೋನಾ 2022ರಲ್ಲಿ ಮಾಡಿದ್ದು ಅಕ್ಷರಶಃ ಇದನ್ನೇ, ಖೇಣಿಯ ಅವಧಿ ಮಾತ್ರ ಒಂದು ಫಸಲಿನದಲ್ಲ, ಇಪ್ಪತ್ತೈದು ವರ್ಷಗಳದು. ಸ್ಪೇನಿನ ಲೀಗ್‌ನಿಂದ ಬರುವ ಟಿವಿ ಹಕ್ಕಿನ ಹಣದಲ್ಲಿ ಕಾಲು ಭಾಗವನ್ನು ಅಷ್ಟು ವರ್ಷಗಳಿಗೆ ಸಿಕ್ಸ್ತ್ ಸ್ಟ್ರೀಟ್ ಎಂಬ ಹೂಡಿಕೆ ಸಂಸ್ಥೆಗೆ ಮಾರಿ, ಆ ಬೇಸಿಗೆಯಲ್ಲಿ ಲೆವಾಂಡೊವ್ಸ್ಕಿ, ರಫೀನ್ಯಾ, ಕುಂದೆ ಅವರನ್ನು ತಂದರು.

ಈ ಸ್ಥಿತಿಗೆ ಬಂದ ಬಗೆಯೂ ಪಾಠವೇ. 2017ರಲ್ಲಿ ನೇಮಾರ್ ಅವರನ್ನು ಪ್ಯಾರಿಸ್‌ನ ಪಿಎಸ್‌ಜಿ 22.2 ಕೋಟಿ ಯೂರೋಗೆ ಎತ್ತಿಕೊಂಡಿತು. ಬಾರ್ಸಿಲೋನಾದ ಕೈಯಲ್ಲಿ ಹಣವಿದೆ ಎಂದು ಮಾರುವವರಿಗೆಲ್ಲ ಗೊತ್ತಾಗಿದ್ದ ಗಳಿಗೆಯಲ್ಲಿಯೇ ಅವರು ಡೆಂಬೆಲೆ ಮತ್ತು ಕುಟೀನ್ಯೋ ಅವರಿಗಾಗಿ ಮಾರುಕಟ್ಟೆಗೆ ಇಳಿದರು. ಹೆಚ್ಚು ಬೆಲೆ ತೆತ್ತರು, ಸಂಬಳಗಳೂ ಏರಿದವು. ಕೋವಿಡ್ ಬಂದು ಕ್ರೀಡಾಂಗಣ ಖಾಲಿಯಾದಾಗ ಸಾಲ ನೂರು ಕೋಟಿ ಯೂರೋ ದಾಟಿತ್ತು. 2021ರ ಆಗಸ್ಟ್‌ನಲ್ಲಿ ಲೀಗ್‌ನ ಸಂಬಳ ಮಿತಿಯೊಳಗೆ ಲಿಯೊನೆಲ್ ಮೆಸ್ಸಿಯನ್ನೇ ನೋಂದಾಯಿಸಲಾಗದೆ ಬಿಟ್ಟುಕೊಟ್ಟರು. ಖೇಣಿಯ ಹಣದಿಂದ 2022-23ರ ಲೀಗ್ ಪ್ರಶಸ್ತಿ ಬಂದದ್ದು ನಿಜ. ಆದರೂ ಆ ಕಾಲು ಪಾಲು 2047ರ ಹೊತ್ತಿನವರೆಗೆ ಅವರದಲ್ಲ. ಇಂದು ಹುಟ್ಟಿಯೇ ಇಲ್ಲದ ಆಟಗಾರರ ಸಂಬಳದ ಹಣವನ್ನು ಲೆವಾಂಡೊವ್ಸ್ಕಿಗೆ ಕೊಟ್ಟಂತಾಗಿದೆ.

ಬಾರ್ಸಿಲೋನಾಕ್ಕೆ ಜಗತ್ತಿನ ಎಲ್ಲೆಡೆ ಅಭಿಮಾನಿಗಳಿದ್ದಾರೆ, ತಡೆದುಕೊಂಡಿತು. ಇಂಗ್ಲೆಂಡಿನ ಲೀಡ್ಸ್ ಯುನೈಟೆಡ್ ತಡೆದುಕೊಳ್ಳಲಿಲ್ಲ. ಯುರೋಪಿನ ಅಗ್ರ ಕ್ಲಬ್‌ಗಳ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನ ಹಣ ಪ್ರತಿ ವರ್ಷ ಬರುತ್ತದೆಂದು ನಂಬಿ, ಮುಂದಿನ ಟಿಕೆಟ್ ಆದಾಯವನ್ನು ಆಧಾರವಾಗಿಟ್ಟು ಸಾಲ ಎತ್ತಿ ಆಟಗಾರರನ್ನು ಕೊಂಡ ಆ ಕ್ಲಬ್ 2001ರಲ್ಲಿ ಸೆಮಿಫೈನಲ್ ತಲುಪಿತು. ಮರುವರ್ಷ ಅರ್ಹತೆಯೇ ಸಿಗಲಿಲ್ಲ. 2002ರಲ್ಲಿ ರಿಯೊ ಫರ್ಡಿನೆಂಡ್ ಅವರನ್ನು ಮಾರಬೇಕಾಯಿತು, ಒಬ್ಬೊಬ್ಬರೇ ಹೋದರು, 2004ರಲ್ಲಿ ತಂಡ ಕೆಳದರ್ಜೆಗೆ ಇಳಿಯಿತು. ಬರುವ ಫಸಲಿನ ಮೇಲೆ ಮಂಡಿಯಿಂದ ಮುಂಗಡ ಎತ್ತಿ, ಆ ವರ್ಷವೇ ತೋಟಕ್ಕೆ ಕೊಳೆರೋಗ ಬಡಿದಂತೆ. ನಮ್ಮಂಥ ಕ್ಲಬ್‌ಗಳು ಟೂರ್ನಿಯ ಬಹುಮಾನದ ಹಣವನ್ನು ನೆಚ್ಚಿ ಗೆಸ್ಟ್ ಪ್ಲೇಯರ್‌ಗಳಿಗೆ ಮಾತು ಕೊಡುವುದು ಈ ಲೀಡ್ಸ್ ಲೆಕ್ಕದ ಕಿರುರೂಪ, ಅದನ್ನು ನಾನು ಯಾರಿಗೂ ಸೂಚಿಸಲಾರೆ.

ಕೊಂಡು, ಬೆಳೆಸಿ, ಮಾರುವುದು

ಇಂಗ್ಲೆಂಡಿನ ಬ್ರೈಟನ್ 2021ರಲ್ಲಿ ಈಕ್ವೆಡಾರ್‌ನ ಒಂದು ಕ್ಲಬ್‌ನಿಂದ ಮೊಯಿಸೆಸ್ ಕೈಸೆಡೊ ಅವರನ್ನು ಅಗ್ಗಕ್ಕೆ ತಂದು 2023ರಲ್ಲಿ ಚೆಲ್ಸಿಗೆ 10 ಕೋಟಿ ಪೌಂಡ್‌ಗೂ ಮಿಗಿಲಾಗಿ ಮಾರಿತು. ಬೊರುಸಿಯಾ ಡಾರ್ಟ್‌ಮಂಡ್ 2021ರಲ್ಲಿ ಸ್ಯಾಂಚೋ, 2022ರಲ್ಲಿ ಹಾಲಂಡ್, 2023ರಲ್ಲಿ ಬೆಲಿಂಗ್‌ಹ್ಯಾಮ್ ಎಂದು ವರ್ಷಕ್ಕೊಬ್ಬರಂತೆ ಮಾರಿದೆ. 2005ರಲ್ಲಿ ದಿವಾಳಿಯ ಅಂಚಿಗೆ ಹೋಗಿ ಬಂದ ಕ್ಲಬ್ ಅದು ಎಂಬುದನ್ನು ನೆನೆದರೆ ಈ ಶಿಸ್ತು ಎಲ್ಲಿಂದ ಬಂತೆಂದು ಊಹಿಸಬಹುದು. ಇಂಥ ಕ್ಲಬ್‌ಗಳು ಬದಲಿ ಆಟಗಾರನನ್ನು ಮೊದಲೇ ಗುರುತಿಸಿಟ್ಟು ಆಮೇಲೆ ಮಾರುತ್ತವೆ. 2020ರಲ್ಲಿ ಆಲಿ ವಾಟ್ಕಿನ್ಸ್ ಅವರನ್ನು ಮಾರಿದ ಬ್ರೆಂಟ್‌ಫರ್ಡ್ ಐವನ್ ಟೋನಿಯನ್ನು ತಂದು ಮುಂದಿನ ವರ್ಷವೇ ಪ್ರೀಮಿಯರ್ ಲೀಗ್‌ಗೆ ಏರಿತು. ಮಾರಾಟದ ಹಣವನ್ನು ಸರಿಯಾಗಿ ಬಳಸಿದ ಮಾದರಿಯೆಂದರೆ ಲಿವರ್‌ಪೂಲ್: 2018ರಲ್ಲಿ ಕುಟೀನ್ಯೋ ಬಾರ್ಸಿಲೋನಾಕ್ಕೆ ಹೋದರು, ಅದೇ ವರ್ಷ ರಕ್ಷಣಾ ಆಟಗಾರ ವಾನ್ ಡೈಕ್ ಮತ್ತು ಗೋಲ್‌ಕೀಪರ್ ಅಲಿಸನ್ ಬಂದರು. ಒಂದೇ ವ್ಯವಹಾರದ ಎರಡು ತುದಿಗಳಲ್ಲಿ ಬಾರ್ಸಿಲೋನಾವನ್ನೂ ಲಿವರ್‌ಪೂಲನ್ನೂ ಇಟ್ಟು ನೋಡಿದರೆ ಹೋಲಿಕೆಗೆ ಬೇರೆ ಕೋಷ್ಟಕ ಬೇಕಿಲ್ಲ.

ಈ ದಾರಿಯನ್ನು ಹೊಗಳುವವರು ಒಂದನ್ನು ಮರೆಯುತ್ತಾರೆ. ಬ್ರೈಟನ್‌ನ ಮಾಲೀಕ ಟೋನಿ ಬ್ಲೂಮ್, ಬ್ರೆಂಟ್‌ಫರ್ಡ್‌ನ ಮಾಲೀಕ ಮ್ಯಾಥ್ಯೂ ಬೆನ್‌ಹ್ಯಾಮ್ ಇಬ್ಬರೂ ಫಲ ಕಾಣುವ ಮೊದಲು ವರ್ಷಗಟ್ಟಲೆ ಸ್ವಂತ ಹಣ ಸುರಿದವರು. ಅಡಿಕೆ ಸಸಿ ನೆಟ್ಟವನು ಐದಾರು ವರ್ಷ ಬರಿಗೈಯಲ್ಲಿ ಗೊಬ್ಬರ ಹಾಕಬೇಕಾಗುವ ಹಾಗೆ ಇದು. ಇನ್ನೊಂದು ತೊಡಕೂ ಇದೆ: ಬೆಳೆಸಿದ ಹುಡುಗ ಬೆಲೆ ಬರುವ ಮುನ್ನವೇ ಹೋಗಿಬಿಡುವುದು. ದೊಡ್ಡ ಕ್ಲಬ್‌ಗಳು ಹದಿನಾರರ ಹರೆಯದಲ್ಲೇ ಹುಡುಗರನ್ನು ಪುಡಿಗಾಸಿಗೆ ಒಯ್ಯುತ್ತವೆ ಎಂದು ಬೇಸತ್ತು ಬ್ರೆಂಟ್‌ಫರ್ಡ್ 2016ರಲ್ಲಿ ತನ್ನ ಅಕಾಡೆಮಿಯನ್ನೇ ಮುಚ್ಚಿತ್ತು. ನಮ್ಮ ಹುಡುಗರೂ ಪಿಯುಸಿ ಮುಗಿಸಿ ಬೆಂಗಳೂರಿನ ಕಾಲೇಜು ಸೇರಿ ಅಲ್ಲಿನ ಕ್ಲಬ್‌ಗೆ ಆಡತೊಡಗುತ್ತಾರೆ. ನಮಗೆ ಉಳಿಯುವುದು ಗ್ರೂಪ್ ಫೋಟೊ.

ಇದಕ್ಕೆ ಪೂರ್ಣ ಪರಿಹಾರವಿಲ್ಲ, ಒಂದು ಸಣ್ಣ ಹಿಡಿಕೆ ಇದೆ. ಆಟಗಾರ ದೇಶದಿಂದ ದೇಶಕ್ಕೆ ಶುಲ್ಕದ ಮೇಲೆ ವರ್ಗವಾದಾಗ, ಆ ಶುಲ್ಕದ ಶೇಕಡ 5ನ್ನು ಅವನು 12ರಿಂದ 23ನೇ ವಯಸ್ಸಿನವರೆಗೆ ಆಡಿದ ಕ್ಲಬ್‌ಗಳಿಗೆ ಹಂಚಬೇಕೆಂಬುದು ಫಿಫಾ ನಿಯಮ. 12ರಿಂದ 15ರವರೆಗಿನ ಪ್ರತಿ ವರ್ಷಕ್ಕೆ ಶೇಕಡ 0.25, ಆನಂತರದ ಪ್ರತಿ ವರ್ಷಕ್ಕೆ ಶೇಕಡ 0.5. ಶುಲ್ಕ 1 ಕೋಟಿ ರೂಪಾಯಿಯಾದರೆ, 12ರಿಂದ 15ರವರೆಗೆ ನಾಲ್ಕು ವರ್ಷ ಆಡಿಸಿದ ಕ್ಲಬ್‌ಗೆ 1 ಲಕ್ಷ. ಶಿವಮೊಗ್ಗದ ಹುಡುಗ ಹಾಗೆ ಹೋಗುವ ದಿನ ದೂರವಿದೆ ಎಂದು ನಗುವವರು ನಗಲಿ. ಆದರೆ ಆ ದಿನ ಹಕ್ಕು ಕೇಳಲು ಬೇಕಾದದ್ದು ಇಂದಿನ ನೋಂದಣಿ. ಆಟಗಾರರನ್ನು ದಾಖಲಿಸುವ ಫೆಡರೇಷನ್ನಿನ ಸಿಆರ್‌ಎಸ್ ನೋಂದಣಿ ವ್ಯವಸ್ಥೆಯಲ್ಲಿ ಹುಡುಗನ ಹೆಸರು ನಮ್ಮ ಕ್ಲಬ್‌ನಡಿ ಇಲ್ಲದಿದ್ದರೆ ಅವನನ್ನು ಬೆಳೆಸಿದವರು ನಾವು ಎನ್ನಲು ಆಧಾರವೇ ಇರುವುದಿಲ್ಲ.

ಎದೆಯ ಮೇಲಿನ ಹೆಸರು

ಪ್ರಾಯೋಜಕರ ಹಣವೂ ಷರತ್ತುಗಳ ಮೂಲಕ ಆಟಗಾರರನ್ನು ಆರಿಸುತ್ತದೆ. ಮ್ಯಾಂಚೆಸ್ಟರ್ ಯುನೈಟೆಡ್ ಜೊತೆ ಅಡಿಡಾಸ್ 2015ರಿಂದ ಹತ್ತು ವರ್ಷಕ್ಕೆ ಮಾಡಿಕೊಂಡ 75 ಕೋಟಿ ಪೌಂಡ್‌ಗಳ ಒಪ್ಪಂದದಲ್ಲಿ, ತಂಡ ಸತತ ಎರಡು ವರ್ಷ ಚಾಂಪಿಯನ್ಸ್ ಲೀಗ್‌ನಿಂದ ಹೊರಗುಳಿದರೆ ಆ ವರ್ಷದ ಹಣದಲ್ಲಿ ಶೇಕಡ 30ರವರೆಗೆ ಕಡಿತವೆಂಬ ಷರತ್ತಿತ್ತು. ಹೀಗಿರುವಾಗ ಆಡಳಿತ ಮಂಡಳಿ ಹದಿನೆಂಟರ ಹುಡುಗನಿಗೆ ಮೂರು ವರ್ಷ ಕೊಡುವುದಕ್ಕಿಂತ ಇಪ್ಪತ್ತೊಂಬತ್ತರ ಸಿದ್ಧ ಆಟಗಾರನನ್ನು ತರಲು ವಾಲುವುದು ಸಹಜ. ಜರ್ಸಿ ಮಾರಿಯೇ ತಾರೆಯ ಬೆಲೆ ಹುಟ್ಟುತ್ತದೆ ಎಂಬ ಮಾತನ್ನು ಮಾತ್ರ ನಂಬಬೇಡಿ. ಅಂಗಡಿಯಲ್ಲಿ ಮಾರಾಟವಾಗುವ ಪ್ರತಿ ಜರ್ಸಿಯಲ್ಲಿ ಕ್ಲಬ್‌ಗೆ ಬರುವುದು ಸಣ್ಣ ಪಾಲು, ಉಳಿದದ್ದು ತಯಾರಕರಿಗೂ ಮಾರುವವರಿಗೂ ಹೋಗುತ್ತದೆ.

ಪ್ರಾಯೋಜಕರ ಉದ್ಯಮ ಯಾವುದು ಎಂಬುದನ್ನೂ ತೂಗಬೇಕು. ಪ್ರೀಮಿಯರ್ ಲೀಗ್ ಕ್ಲಬ್‌ಗಳು 2025-26ರ ಋತುವಿನ ನಂತರ ಜರ್ಸಿಯ ಮುಂಭಾಗದಲ್ಲಿ ಜೂಜಿನ ಕಂಪನಿಗಳ ಹೆಸರನ್ನು ಕೈಬಿಡಲು 2023ರಲ್ಲಿಯೇ ಒಪ್ಪಿದ್ದವು; ತಯಾರಾಗಲು ಮೂರು ಋತು ಸಿಕ್ಕವು. ನಮ್ಮಲ್ಲಿ 2025ರ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಬಂದಾಗ ಭಾರತ ಕ್ರಿಕೆಟ್ ತಂಡದ ಜರ್ಸಿಯಿಂದಲೇ ಡ್ರೀಮ್ 11 ಕೆಲವೇ ದಿನಗಳಲ್ಲಿ ಹೊರಬಿತ್ತು. ಕ್ರಿಕೆಟ್‌ಗೆ ಬದಲಿ ಸಿಗುತ್ತದೆ, ಫುಟ್‌ಬಾಲ್‌ಗೆ ಅಷ್ಟು ಸುಲಭವಲ್ಲ.

ನಮ್ಮ ಅನುಭವ ಇದಕ್ಕಿಂತ ಸಣ್ಣದು, ಆದರೆ ಕಲಿಸಿದ್ದು ಕಡಿಮೆಯಲ್ಲ. ಕೆಲವು ವರ್ಷಗಳ ಹಿಂದೆ ಒಬ್ಬ ಪ್ರಾಯೋಜಕರು ಅರ್ಧ ಹಣ ಮುಂಗಡ, ಅರ್ಧ ಟೂರ್ನಿಯ ಮೇಲೆ ಎಂದು ಬಾಯಿಮಾತಿನಲ್ಲಿ ಒಪ್ಪಿದರು. ಆ ಮಾತಿನ ಮೇಲೆ ಹೊರಗಿನ ನಾಲ್ವರನ್ನು ಗೊತ್ತುಮಾಡಿದೆವು. ಸೆಮಿಫೈನಲ್‌ನಲ್ಲಿ ಪೆನಾಲ್ಟಿಯಲ್ಲಿ ಸೋತೆವು. ಉಳಿದರ್ಧ ಬರಲೇ ಇಲ್ಲ. ಆ ನಾಲ್ವರ ಸಂಭಾವನೆಯನ್ನು ಸಮಿತಿಯ ಐದು ಮಂದಿ ಕೈಯಿಂದ ಹಾಕಿ ತೀರಿಸಿದೆವು. ಜರ್ಸಿಯ ಮೇಲೆ ಒತ್ತಿಸಿದ್ದ ಅವರ ಹೆಸರು ಮೂರನೇ ಒಗೆತಕ್ಕೆ ಎದ್ದು ಬಂದು ಕೊನೆಯ ಎರಡು ಅಕ್ಷರ ಮಾತ್ರ ಉಳಿದವು. ನಮ್ಮ ಹುಡುಗರು ಆ ಎರಡು ಅಕ್ಷರ ಹೊತ್ತುಕೊಂಡೇ ಇನ್ನೊಂದು ವರ್ಷ ಅಭ್ಯಾಸ ಮಾಡಿದರು.

ಕಂಪನಿಗಳು ಸಾಮಾಜಿಕ ಹೊಣೆಗಾರಿಕೆಗೆಂದು ತೆಗೆದಿಡುವ ಸಿಎಸ್‌ಆರ್ ಹಣವನ್ನು ಪ್ರಾಯೋಜಕತ್ವವೆಂದು ತಿಳಿಯುವುದು ಇಲ್ಲಿನ ಕ್ಲಬ್‌ಗಳ ಸಾಮಾನ್ಯ ತಪ್ಪು. ಕಂಪನಿ ಕಾಯ್ದೆ 2013ರ ಏಳನೇ ಅನುಸೂಚಿ ಗ್ರಾಮೀಣ ಮತ್ತು ರಾಷ್ಟ್ರಮಾನ್ಯ ಕ್ರೀಡೆಗಳ ತರಬೇತಿಗೆ ಆ ಹಣ ಬಳಸಲು ಅವಕಾಶ ಕೊಡುತ್ತದೆ. ಆದರೆ ತನ್ನ ಸರಕಿನ ಪ್ರಚಾರಕ್ಕಾಗಿ ಕಂಪನಿ ಮಾಡುವ ಪ್ರಾಯೋಜಕತ್ವವನ್ನು 2021ರ ತಿದ್ದುಪಡಿ ನಿಯಮಗಳು ಸಿಎಸ್‌ಆರ್ ಲೆಕ್ಕದಿಂದ ಹೊರಗಿಟ್ಟಿವೆ. ಹಾಗಾಗಿ ಈ ಹಣದಿಂದ ಚೆಂಡು, ತರಬೇತುದಾರ, ಹದಿಮೂರರ ಹುಡುಗಿಯರ ಶಿಬಿರ ಆಗುತ್ತದೆ. ಗೆಸ್ಟ್ ಪ್ಲೇಯರ್ ಆಗುವುದಿಲ್ಲ. ಪಡೆಯುವ ಸಂಸ್ಥೆ ನೋಂದಣಿ, ಸಿಎಸ್‌ಆರ್-1 ಅರ್ಜಿ ಇತ್ಯಾದಿಗಳನ್ನು ಮುಗಿಸಿರಬೇಕು. ಒಬ್ಬ ಲೆಕ್ಕಪರಿಶೋಧಕರನ್ನು ಹಿಡಿದರೆ ಆಗುವ ಕೆಲಸ.

ಹಾಗಾದರೆ ಯಾವುದನ್ನು ಆರಿಸುವುದು

ಮೊದಲಿನ ಊಹೆಯ ಲೆಕ್ಕಕ್ಕೆ ಮರಳಿದರೆ, ನಾನು ಇಪ್ಪತ್ತು ಅಂಗಡಿಗಳ ಪರವೇ. ಮೂರು ವರ್ಷದಲ್ಲಿ ಅಲ್ಲಿ 6 ಲಕ್ಷ ಬರುತ್ತದೆ ಎಂಬುದು ಒಂದು ಕಾರಣವಾದರೆ, ಇಬ್ಬರು ಕೈಕೊಟ್ಟರೂ ವರ್ಷಕ್ಕೆ 20 ಸಾವಿರವಷ್ಟೇ ಖೋತಾ ಎಂಬುದು ದೊಡ್ಡ ಕಾರಣ. ಇದರ ದೋಷವನ್ನೂ ಹೇಳಬೇಕು: ಅಡಿಕೆ ದರ ಬಿದ್ದ ವರ್ಷ ಇಡೀ ಪೇಟೆಯ ಕೈ ಒಟ್ಟಿಗೇ ಬಿಗಿಯಾಗುತ್ತದೆ, ಆದ್ದರಿಂದ ಇಪ್ಪತ್ತೂ ಅಂಗಡಿಗಳು ಅಡಿಕೆಯನ್ನೇ ನೆಚ್ಚಿದವಾದರೆ ಅವು ಇಪ್ಪತ್ತಲ್ಲ, ಒಂದೇ. ಔಷಧಿ ಅಂಗಡಿ, ಟ್ಯೂಷನ್ ಕೇಂದ್ರ, ಹೋಟೆಲು, ದೂರದೂರಿನಲ್ಲಿ ನೌಕರಿಯಲ್ಲಿರುವ ಹಳೆಯ ಆಟಗಾರರು, ಹೀಗೆ ಬೆರಸಿ ಹಿಡಿಯಬೇಕು.

ಧಣಿಯ 4 ಲಕ್ಷವನ್ನು ಒಪ್ಪಬಹುದಾದ ಸಂದರ್ಭವೂ ಇದೆ. ಆ ಹಣದಿಂದ ಮೈದಾನದ ಬೇಲಿ, ನೀರಿನ ಪೈಪು, ಗೋಲ್‌ಕಂಬದಂಥ ಒಮ್ಮೆ ಮಾಡಿ ಮುಗಿಸುವ ಕೆಲಸ ಮಾಡಿಸಿ, ಅವರ ಹೆಸರನ್ನು ಕಲ್ಲಿನಲ್ಲಿಯೇ ಕೆತ್ತಿಸಿ. ಸಂಭಾವನೆಗೆ ಬಳಸಲೇಬೇಕಾದರೆ, ಕೈಗೆ ಬಂದ ಮುಂಗಡದಷ್ಟಕ್ಕೇ ಆಟಗಾರರಿಗೆ ಮಾತು ಕೊಡಿ, ಫೈನಲ್‌ನ ಷರತ್ತಿನ ಅರ್ಧವನ್ನು ಬಾರದ ಹಣವೆಂದೇ ಬರೆದಿಡಿ.

ಈ ವರ್ಷದ ಸಭೆಗೆ ನಾನು ಒಯ್ಯುತ್ತಿರುವುದು ಒಂದೇ ಹಾಳೆ. ನಡುವೆ ಗೆರೆ ಎಳೆದು ಎಡಕ್ಕೆ ಹಣ ಕೈಸೇರುವ ತಿಂಗಳುಗಳನ್ನೂ ಬಲಕ್ಕೆ ಆ ತಿಂಗಳು ಸಂಭಾವನೆ ಕೊಡಬೇಕಾದವರ ಹೆಸರುಗಳನ್ನೂ ಬರೆದಿದ್ದೇನೆ. ಜನವರಿಯವರೆಗೆ ಎರಡೂ ಬದಿ ಸರಿದೂಗುತ್ತವೆ. ಫೆಬ್ರವರಿಯ ಎದುರು ಎಡಗಡೆ ಖಾಲಿ, ಬಲಗಡೆ ಎರಡು ಹೆಸರಿವೆ; ಅದರಲ್ಲಿ ಒಂದು ನಮ್ಮ ಊರಿನದಲ್ಲ, ಪೆನ್ಸಿಲ್‌ನಲ್ಲಿ ಬರೆದಿದ್ದೇನೆ.